ಹಿಂದಿನವರು ತೊಳೆದಿಟ್ಟ ಯಂತ್ರ

ಊರಿಗೆ ಹೋದಾಗಲೆಲ್ಲ ನನಗೆ ಉತ್ತರ ಕೊಡಲು ಕಷ್ಟವಾಗುವ ಪ್ರಶ್ನೆ ಒಂದೇ: "ಬೆಂಗಳೂರಲ್ಲಿ ಎಂಥ ಕೆಲಸವವ್ವಾ ನಿಂದು?" ಡಾಕ್ಟರು, ಎಂಜಿನಿಯರು, ಮೇಷ್ಟ್ರು, ಬ್ಯಾಂಕಿನವರು ಎಂದರೆ ಎಲ್ಲರಿಗೂ ತಿಳಿಯುತ್ತದೆ. ನಾನು ಇವರಲ್ಲಿ ಯಾರೂ ಅಲ್ಲ. "ಜೀವಕೋಶ ಎಣಿಸುವ ಕೆಲಸ" ಎಂದು ಒಮ್ಮೆ ಹೇಳಿ ನೋಡಿದೆ. "ಎಣಿಸೋಕೂ ಸಂಬಳ ಕೊಡ್ತಾರಾ?" ಎಂದು ಎದುರು ಮನೆಯ ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು. ಕೊನೆಗೆ ಅರ್ಥ ಮಾಡಿಕೊಂಡವಳು ನಮ್ಮವ್ವ. ನಾನು ಅರ್ಧ ಗಂಟೆ ವಿವರಿಸಿದ ಮೇಲೆ, "ಅಂದ್ರೆ ಮೊರ ಹಿಡಿಯೋ ಕೆಲಸ ಅನ್ನು" ಎಂದಳು. ರಾಗಿಯನ್ನು ಕೇರಿ ಹೊಟ್ಟು ಹಾರಿಸಿ, ಒನೆದು ಕಲ್ಲು ಬೇರೆ ಮಾಡಿ ಜೀವನ ಸವೆಸಿದವಳಿಗೆ ನನ್ನ ಕೆಲಸದ ಒಳಗುಟ್ಟು ಒಂದೇ ಮಾತಿನಲ್ಲಿ ಸಿಕ್ಕಿಬಿಟ್ಟಿತ್ತು.

ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಫ್ಲೋ ಸೈಟೋಮೀಟರ್ ಎಂಬ ಯಂತ್ರಗಳ ಕೋಣೆಯನ್ನು ನೋಡಿಕೊಳ್ಳುತ್ತೇನೆ. ಆ ಕೋಣೆ ಯಾವೊಬ್ಬ ಪ್ರೊಫೆಸರರ ಸ್ವಂತದ್ದೂ ಅಲ್ಲ. ಹಲವು ವಿಭಾಗಗಳವರು, ಹೊರಗಿನ ಕಾಲೇಜುಗಳವರು, ಆಗೊಮ್ಮೆ ಈಗೊಮ್ಮೆ ಸಣ್ಣ ಕಂಪನಿಗಳವರು, ಎಲ್ಲರೂ ಸರದಿ ಹಾಕಿಕೊಂಡು ಬಂದು ಬಳಸುವ ಕೋಣೆ ಅದು. ವಿಜ್ಞಾನವೆಂದರೆ ಒಬ್ಬ ಮೇಧಾವಿ ಒಂಟಿಯಾಗಿ ಕುಳಿತು ಮಾಡುವ ಕೆಲಸವೆಂದು ನಮ್ಮ ಮಕ್ಕಳು ಪಠ್ಯಪುಸ್ತಕಗಳಿಂದ ತಿಳಿದಿರುತ್ತಾರೆ. ಅದು ಹಾಗಿಲ್ಲ, ಊರ ಕೆರೆಯ ನೀರಿನಂತೆ ಅದಕ್ಕೂ ಸರದಿ, ಜಗಳ, ಮರ್ಯಾದೆ, ನಂಬಿಕೆ ಎಲ್ಲ ಇವೆ ಎಂದು ಹೇಳುವುದಕ್ಕಾಗಿ ಈ ನಾಲ್ಕು ಮಾತು.

ಮೊದಲು ಯಂತ್ರದ ವಿಷಯ. ಒಂದು ಘನ ಮಿಲಿಮೀಟರ್ ರಕ್ತವೆಂದರೆ ಸೂಜಿಯ ಮೊನೆಗೆ ಅಂಟುವಷ್ಟು. ಅದರಲ್ಲಿ ಸುಮಾರು 50 ಲಕ್ಷ ಕೆಂಪು ಕಣಗಳೂ, ಆರೋಗ್ಯವಂತರಲ್ಲಿ ನಾಲ್ಕರಿಂದ ಹನ್ನೊಂದು ಸಾವಿರದಷ್ಟು ಬಿಳಿ ಕಣಗಳೂ ಇರುತ್ತವೆ. ಬಿಳಿ ಕಣಗಳಲ್ಲಿ ಲಿಂಫೋಸೈಟ್ ಎಂಬ ಗುಂಪು ಒಂದಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರೆದ ಹಾಗೆ ಕಾಣುತ್ತವೆ. ಆದರೆ ಅವುಗಳಲ್ಲಿ ಕೆಲವು ರೋಗಾಣುವನ್ನು ಕೊಲ್ಲುವಂಥವು, ಕೆಲವು ಪ್ರತಿಕಾಯ ತಯಾರಿಸುವಂಥವು, ಕೆಲವು ಉಳಿದವಕ್ಕೆ ಅಪ್ಪಣೆ ಕೊಡುವಂಥವು. ಯಾವುದು ಎಷ್ಟಿದೆ ಎಂದು ಕಣ್ಣಿನಿಂದ ಹೇಳುವುದು ಸಾಧ್ಯವೇ ಇಲ್ಲ. ಹೇಳುವುದಾದರೂ ಸಾವಿರಾರು ಕೋಶಗಳನ್ನು ಎಣಿಸುವಷ್ಟರಲ್ಲಿ ದಿನ ಮುಗಿದಿರುತ್ತದೆ.

ಫ್ಲೋ ಸೈಟೋಮೀಟರ್ ಈ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಕೋಶಗಳ ವೇಗದಲ್ಲಿ ಮಾಡುತ್ತದೆ. ಜಾತ್ರೆಯ ದಿನ ದೇವಸ್ಥಾನದ ಮುಂದೆ ಜನ ಗುಂಪುಗುಂಪಾಗಿ ನುಗ್ಗಿದರೂ ಗರ್ಭಗುಡಿಯ ಬಾಗಿಲ ಹತ್ತಿರ ಕಂಬಿ ಕಟ್ಟಿ ಒಬ್ಬೊಬ್ಬರನ್ನೇ ಬಿಡುತ್ತಾರಲ್ಲ, ಹಾಗೆ ಕೋಶಗಳನ್ನು ಒಂದರ ಹಿಂದೆ ಒಂದಾಗಿ ಸಾಲು ಹಿಡಿಸುವುದೇ ಇದರ ಜಾಣ್ಮೆ. ಇಲ್ಲಿ ಕಂಬಿಯ ಬದಲು ಉಪ್ಪುನೀರು. ಕೋಶಗಳಿರುವ ದ್ರವದ ಎಳೆಯನ್ನು ಸುತ್ತಲಿನಿಂದ ರಭಸವಾಗಿ ಹರಿಯುವ ಶುದ್ಧ ಉಪ್ಪುನೀರು ಅದುಮಿ ದಾರದಂತೆ ಸಣ್ಣದಾಗಿಸುತ್ತದೆ. ಆ ದಾರಕ್ಕೆ ಅಡ್ಡಲಾಗಿ ಲೇಸರ್ ಕಿರಣ. ಪ್ರತಿ ಕೋಶ ಕಿರಣವನ್ನು ದಾಟುವಾಗ ಬೆಳಕು ಚೆದರುತ್ತದೆ. ಮುಂದಕ್ಕೆ ಚೆದರಿದ ಬೆಳಕಿನಿಂದ ಕೋಶದ ಗಾತ್ರದ ಅಂದಾಜು, ಪಕ್ಕಕ್ಕೆ ಚೆದರಿದ ಬೆಳಕಿನಿಂದ ಅದರ ಒಳಗಿನ ಹರಳುಹರಳಾದ ರಚನೆಯ ಅಂದಾಜು ಸಿಗುತ್ತದೆ.

ಒಂದೇ ರೂಪದ ಕೋಶಗಳನ್ನು ಬೇರೆಬೇರೆಯಾಗಿ ಗುರುತಿಸಲು ಅವುಗಳಿಗೆ ಬಣ್ಣ ಕಟ್ಟಬೇಕು. ಕೋಶದ ಮೈಮೇಲಿನ ಒಂದೊಂದು ಗುರುತಿಗೂ ಹೋಗಿ ಅಂಟಿಕೊಳ್ಳುವ ಪ್ರತಿಕಾಯಗಳಿವೆ. ಅಂಥ ಪ್ರತಿಕಾಯದ ಬಾಲಕ್ಕೆ ಹೊಳೆಯುವ ಬಣ್ಣವೊಂದನ್ನು ಕಟ್ಟಿ ಬಿಟ್ಟರೆ, ನೀಲಿ ಲೇಸರ್ ಬಿದ್ದಾಗ ಒಂದು ಕೋಶ ಹಸಿರಾಗಿ, ಇನ್ನೊಂದು ಕಿತ್ತಳೆಯಾಗಿ ಹೊಳೆಯುತ್ತದೆ. ನಾವು ನಿತ್ಯ ಬಳಸುವ ಫೈಕೋಎರಿಥ್ರಿನ್ ಎಂಬ ಬಣ್ಣ ಸಮುದ್ರದ ಕೆಂಪು ಪಾಚಿಯಿಂದ ಬಂದದ್ದು. ಒಂದೇ ಗುರುತನ್ನು ಹಿಡಿಯುವ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೇಂಬ್ರಿಜ್‌ನಲ್ಲಿ 1975ರಲ್ಲಿ ಕಂಡುಹಿಡಿದವರು ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್. 1984ರಲ್ಲಿ ಅವರಿಗೆ ನೊಬೆಲ್ ಬಂತು. ಆ ವಿಧಾನಕ್ಕೆ ಪೇಟೆಂಟ್ ಆಗಲಿಲ್ಲ. ಹಾಗಾಗಿ ಅದು ಯಾರ ಅಪ್ಪಣೆಯನ್ನೂ ಕಾಯದೆ ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹರಡಿತು.

ಈ ಯಂತ್ರದ ಹುಟ್ಟಿನ ಕಥೆಯನ್ನು ನಾನು ಹೊಸದಾಗಿ ಬರುವ ಪ್ರತಿ ವಿದ್ಯಾರ್ಥಿಗೂ ಹೇಳುತ್ತೇನೆ, ಏಕೆಂದರೆ ಅದು ಸಂಶಯದಿಂದ ಹುಟ್ಟಿದ್ದು. ಅಮೆರಿಕದ ವ್ಯಾಲೇಸ್ ಕೌಲ್ಟರ್ ಎಂಬಾತ ಸಣ್ಣ ರಂಧ್ರದಲ್ಲಿ ಉಪ್ಪುನೀರಿನ ಜೊತೆ ಕೋಶಗಳನ್ನು ಹಾಯಿಸಿ, ವಿದ್ಯುತ್ ಹರಿವಿಗೆ ಅವು ಒಡ್ಡುವ ತಡೆಯಿಂದ ಎಣಿಕೆ ಮಾಡುವ ಉಪಕರಣಕ್ಕೆ 1953ರಲ್ಲಿ ಪೇಟೆಂಟ್ ಪಡೆದ. ಅದು ಕೋಶದ ಗಾತ್ರವನ್ನೂ ಹೇಳುತ್ತಿತ್ತು. ಲಾಸ್ ಅಲಾಮೋಸ್‌ನ ಪ್ರಯೋಗಾಲಯದಲ್ಲಿ ಅದರಿಂದ ಕೆಂಪು ರಕ್ತಕಣಗಳನ್ನು ಅಳೆದಾಗ ನಕ್ಷೆಯಲ್ಲಿ ಎರಡು ಗುಡ್ಡೆಗಳು ಕಂಡವು. ಹಾಗಾದರೆ ನಮ್ಮ ರಕ್ತದಲ್ಲಿ ಸಣ್ಣ ಮತ್ತು ದೊಡ್ಡ ಎಂಬ ಎರಡು ಜಾತಿಯ ಕೆಂಪು ಕಣಗಳಿವೆಯೇ? ಇದೆ ಎಂದು ಒಪ್ಪಿಕೊಂಡು ಲೇಖನ ಬರೆದು ಹೆಸರು ಮಾಡುವುದು ಸುಲಭವಿತ್ತು. ಅಲ್ಲಿದ್ದ ಮ್ಯಾಕ್ ಫುಲ್‌ವೈಲರ್ ಎಂಬ ತರುಣ ಎಂಜಿನಿಯರ್‌ಗೆ ಮಾತ್ರ, ಆ ಎರಡು ಗುಡ್ಡೆಗಳನ್ನು ನಿಜವಾಗಿ ಬೇರೆಬೇರೆ ಪಾತ್ರೆಗೆ ತೆಗೆದು ಮತ್ತೆ ಅಳೆದು ನೋಡಬೇಕು ಎನಿಸಿತು. ಶಾಯಿಯ ಹನಿಗಳಿಗೆ ವಿದ್ಯುದಾವೇಶ ಕೊಟ್ಟು ಕಾಗದದ ಮೇಲೆ ಬೇಕಾದ ಕಡೆ ಬೀಳಿಸುವ ತಂತ್ರವನ್ನು ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವೀಟ್ ರೂಪಿಸಿದ್ದರು. ಫುಲ್‌ವೈಲರ್ ಶಾಯಿಯ ಜಾಗದಲ್ಲಿ ಕೋಶಗಳಿರುವ ನೀರನ್ನು ಇಟ್ಟ. 1965ರಲ್ಲಿ ಕೋಶಗಳನ್ನು ಬೇರ್ಪಡಿಸುವ ಆ ಯಂತ್ರದ ವಿವರ ಪ್ರಕಟವಾಯಿತು.

ಬೇರ್ಪಡಿಸಿದ 'ಸಣ್ಣ' ಕಣಗಳನ್ನು ಮತ್ತೆ ಅಳೆದರೆ ಮತ್ತೆ ಎರಡು ಗುಡ್ಡೆ! 'ದೊಡ್ಡ' ಕಣಗಳನ್ನು ಅಳೆದರೂ ಎರಡು ಗುಡ್ಡೆ! ಅಂದರೆ ಜಾತಿ ಒಂದೇ. ಬಿಲ್ಲೆಯಂತಿರುವ ಕೆಂಪು ಕಣ ರಂಧ್ರವನ್ನು ಯಾವ ಭಂಗಿಯಲ್ಲಿ ದಾಟುತ್ತದೆ ಎಂಬುದರ ಮೇಲೆ ಅಳತೆ ಬದಲಾಗುತ್ತಿತ್ತು, ಅಷ್ಟೆ. ಯಂತ್ರ ಹೇಳಿದ್ದನ್ನು ನಂಬದೆ ಪರೀಕ್ಷಿಸಲು ಹೊರಟವನು ಮತ್ತೊಂದು ಯಂತ್ರವನ್ನೇ ಸೃಷ್ಟಿಸಿದ. ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ನನಗೆ ತಿಳಿದಿಲ್ಲ.

ಮುಂದಿನ ಭಾಗವೂ ಸೊಗಸಾಗಿದೆ. ಸ್ಟ್ಯಾನ್‌ಫರ್ಡ್‌ನ ಲೆನರ್ಡ್ ಹರ್ಜೆನ್‌ಬರ್ಗ್ ಲಾಸ್ ಅಲಾಮೋಸ್‌ಗೆ ಹೋಗಿ, ಗಾತ್ರದ ಬದಲು ಹೊಳೆಯುವ ಬಣ್ಣದಿಂದ ಕೋಶಗಳನ್ನು ಬೇರ್ಪಡಿಸುವ ಯಂತ್ರ ಮಾಡಿಕೊಡುತ್ತೀರಾ ಎಂದು ಕೇಳಿದರು. ಅಲ್ಲಿನವರಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಆದರೆ ಯಂತ್ರದ ನಕ್ಷೆಗಳನ್ನು ಧಾರಾಳವಾಗಿ ಕೊಟ್ಟು ಕಳುಹಿಸಿದರು. ಆ ನಕ್ಷೆಗಳ ಆಧಾರದ ಮೇಲೆ ಹರ್ಜೆನ್‌ಬರ್ಗ್ ಮತ್ತು ಅವರ ಸಂಗಡಿಗರು ಕಟ್ಟಿದ ಯಂತ್ರದ ವಿವರ 1969ರಲ್ಲೂ, ಲೇಸರ್ ಅಳವಡಿಸಿದ ಸುಧಾರಿತ ರೂಪ 1972ರಲ್ಲೂ ಪ್ರಕಟವಾದವು. ಅದೇ ಹೊತ್ತಿಗೆ, 1968ರಲ್ಲಿ, ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ವುಲ್ಫ್‌ಗಾಂಗ್ ಗ್ಯೋಡೆ ಬೇರೊಂದು ದಾರಿಯಲ್ಲಿ ಇಂಥದೇ ಸಾಧನ ರೂಪಿಸಿದ್ದರು. ಹರ್ಜೆನ್‌ಬರ್ಗ್ ಅವರಿಗೆ 2006ರಲ್ಲಿ ಜಪಾನಿನ ಕ್ಯೋಟೋ ಪ್ರಶಸ್ತಿ ಬಂತು. ಒಂದು ಪ್ರಯೋಗಾಲಯ ತನ್ನ ನಕ್ಷೆಯನ್ನು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ನಾನು ಆಗಾಗ ಯೋಚಿಸುತ್ತೇನೆ. ಈ ವಿದ್ಯೆಯ ಬುಡದಲ್ಲೇ ಹಂಚಿಕೊಳ್ಳುವ ಗುಣವಿದೆ.

ಇದರಿಂದ ಜನಸಾಮಾನ್ಯರಿಗೆ ಏನು ಪ್ರಯೋಜನ ಎಂದು ತಂದೆತಾಯಿಯರು ಕೇಳಬಹುದು. ಏಡ್ಸ್ ರೋಗದ ವೈರಸ್ ದಾಳಿ ಮಾಡುವುದು ಸಿಡಿ4 ಎಂಬ ಗುರುತು ಹೊತ್ತ ಬಿಳಿ ಕಣಗಳ ಮೇಲೆ. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಹಾಗೂ ದೆಹಲಿಯಲ್ಲಿ ಸರ್ಕಾರ ಉಚಿತ ಔಷಧಿ ಕೊಡತೊಡಗಿದಾಗ, ಯಾರಿಗೆ ಯಾವಾಗ ಔಷಧಿ ಶುರು ಮಾಡಬೇಕೆಂದು ನಿರ್ಧರಿಸುವಲ್ಲಿ ಈ ಕಣಗಳ ಎಣಿಕೆಯೇ ಮುಖ್ಯವಾಗಿತ್ತು. 200ಕ್ಕಿಂತ ಕೆಳಗಿಳಿದರೆ ಅಪಾಯ. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ಎಣಿಕೆ ಎಷ್ಟಿದ್ದರೂ ಔಷಧಿ ಕೊಡುವ ಕ್ರಮ ಬಂದಿದೆ. ಆದರೂ ರೋಗಿ ಎಷ್ಟು ನಿತ್ರಾಣನಾಗಿದ್ದಾನೆಂದು ತಿಳಿಯಲು ಆ ಎಣಿಕೆ ಇಂದಿಗೂ ಬೇಕು. ಇನ್ನು ಹಸು ಸಾಕಿದವರಿಗೆ ಇನ್ನೊಂದು ಉದಾಹರಣೆ: ಹೋರಿಯ ವೀರ್ಯದಲ್ಲಿ ಹೆಣ್ಣುಗರು ಕೊಡುವ ವೀರ್ಯಾಣುವಿನಲ್ಲಿ ಗಂಡುಗರು ಕೊಡುವುದಕ್ಕಿಂತ ಶೇಕಡಾ ನಾಲ್ಕರ ಹತ್ತಿರ ಡಿಎನ್‌ಎ ಹೆಚ್ಚು. ಅಷ್ಟು ಅಲ್ಪ ವ್ಯತ್ಯಾಸವನ್ನೂ ಈ ಯಂತ್ರ ಹಿಡಿದು ಅವೆರಡನ್ನು ಬೇರ್ಪಡಿಸಬಲ್ಲದು.

ಸಂಶೋಧನಾ ಸಂಸ್ಥೆಗೆ ಬರುವ ಮುನ್ನ ನಾನು ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದೆ. ಅಲ್ಲಿ ರಕ್ತದ ಕ್ಯಾನ್ಸರ್ ಆದ ಮಕ್ಕಳ ಮಜ್ಜೆಯ ಮಾದರಿಗಳು ಬರುತ್ತಿದ್ದವು. ಮೊದಲ ಹಂತದ ಚಿಕಿತ್ಸೆ ಮುಗಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ಶುಭ್ರವಾಗಿ ಕಾಣುತ್ತದೆ. ಆದರೆ ಹತ್ತು ಸಾವಿರ ಕೋಶಗಳಲ್ಲಿ ಒಂದು ಕೆಟ್ಟ ಕೋಶ ಅಡಗಿ ಕುಳಿತಿದ್ದರೂ ಫ್ಲೋ ಸೈಟೋಮೆಟ್ರಿಯಿಂದ ಅದನ್ನು ಪತ್ತೆ ಮಾಡಬಹುದು. ಇದೆ ಎಂದಾದರೆ ಮುಂದಿನ ಚಿಕಿತ್ಸೆ ಕಠಿಣವಾಗಬೇಕು. ಇಲ್ಲವೆಂದಾದರೆ ಮಗುವಿನ ಮೈಗೆ ಅಷ್ಟು ಔಷಧಿಯ ಹಿಂಸೆ ತಪ್ಪುತ್ತದೆ. ಹೊರಗೆ ಬೆಂಚಿನ ಮೇಲೆ ಆ ಮಗುವಿನ ಅಪ್ಪ ಕುಳಿತಿರುತ್ತಿದ್ದ. ಕೈಯಲ್ಲಿ ರಸೀದಿಗಳ ಕಟ್ಟು, ಪಕ್ಕದಲ್ಲಿ ಬುತ್ತಿಯ ಚೀಲ. ಒಳಗೆ ಪರದೆಯ ಮೇಲೆ ನಾಲ್ಕಾರು ಚುಕ್ಕೆಗಳು. ಆ ಚುಕ್ಕೆಗಳು ಈ ಮಗುವಿನವೋ, ಅಥವಾ ಸ್ವಲ್ಪ ಹೊತ್ತಿನ ಹಿಂದೆ ಇದೇ ಕೊಳವೆಯಲ್ಲಿ ಹಾದುಹೋದ ಇನ್ನೊಂದು ಮಗುವಿನ ಮಾದರಿಯಿಂದ ಉಳಿದವೋ? ಎರಡು ಮಾದರಿಗಳ ನಡುವೆ ಕೊಳವೆಯನ್ನು ತೊಳೆಯುವುದು ಬರೀ ಶುಚಿತ್ವದ ಮಾತಲ್ಲ ಎಂಬುದು ನನ್ನ ಮೈಗೆ ಹತ್ತಿದ್ದು ಅಲ್ಲಿ.

ಈಗ ನಮ್ಮ ಕೋಣೆಗೆ ಬರೋಣ. ಕೋಶಗಳನ್ನು ಎಣಿಸುವ ಯಂತ್ರಕ್ಕೇ ಹತ್ತಾರು ಲಕ್ಷ ರೂಪಾಯಿ. ಬೇರ್ಪಡಿಸುವ ಯಂತ್ರವಾದರೆ ಕೋಟಿಯ ಮಾತು. ವರ್ಷವರ್ಷದ ನಿರ್ವಹಣೆಯ ಒಪ್ಪಂದದ ಖರ್ಚು ಬೇರೆ. ಪ್ರತಿ ವಿಭಾಗವೂ ಒಂದೊಂದು ಕೊಂಡರೆ ಹಣವೂ ದಂಡ, ಯಂತ್ರವೂ ವಾರಕ್ಕೆರಡು ದಿನ ಓಡಿ ಉಳಿದ ದಿನ ಧೂಳು ತಿನ್ನುತ್ತದೆ. ಆದ್ದರಿಂದಲೇ ಜಗತ್ತಿನಾದ್ಯಂತ ಇವನ್ನು ಒಂದೆಡೆ ಇಟ್ಟು, ತಿಳಿದವರೊಬ್ಬರನ್ನು ಕಾವಲಿಗೆ ನೇಮಿಸಿ, ಎಲ್ಲರೂ ಬಳಸುವ ಏರ್ಪಾಟು ಬಂದಿದೆ. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆವರಣದಲ್ಲಿ ಇಂಥ ಕೇಂದ್ರೀಯ ಸೌಲಭ್ಯಗಳಿವೆ. ಐಸ್ಯಾಕ್ ಎಂಬ ಅಂತರರಾಷ್ಟ್ರೀಯ ಸಂಘ 2016ರಲ್ಲಿ ಇಂಥ ಪ್ರಯೋಗಾಲಯಗಳು ಹೇಗೆ ನಡೆಯಬೇಕೆಂದು ಮಾರ್ಗಸೂಚಿಯನ್ನೇ ಪ್ರಕಟಿಸಿತು.

ನನ್ನ ದಿನ ಬೆಳಿಗ್ಗೆ ಎಂಟೂವರೆಗೆ ಆರಂಭ. ಲೇಸರ್ ಬೆಚ್ಚಗಾಗಲು ಅರ್ಧ ಗಂಟೆ ಬಿಡಬೇಕು. ಉಪ್ಪುನೀರಿನ ಡ್ರಮ್ಮು ತುಂಬಬೇಕು, ಕೊಳಕು ನೀರಿನ ಡ್ರಮ್ಮು ಖಾಲಿ ಮಾಡಬೇಕು. ಆಮೇಲೆ ಹೊಳಪು ಎಷ್ಟೆಂದು ಮೊದಲೇ ಗೊತ್ತಿರುವ ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಓಡಿಸಿ ನೋಡಬೇಕು. ನಿನ್ನೆ ಬಂದಷ್ಟೇ ಸಂಖ್ಯೆ ಇಂದೂ ಬಂದರೆ ಯಂತ್ರ ಸರಿಯಿದೆ. ಅಂಗಡಿಯವನು ತಕ್ಕಡಿಯನ್ನು ಬರಿದಾಗಿ ಎತ್ತಿ ತೋರಿಸಿ ಆಮೇಲೆ ಸಾಮಾನು ತೂಗಿದ ಹಾಗೆ. ಒಂಬತ್ತೂವರೆಗೆ ಮೊದಲ ಸರದಿಯವರು ಐಸ್ ಡಬ್ಬಿ ಹಿಡಿದು ಬರುತ್ತಾರೆ. ಮಾದರಿಯನ್ನು ಸಣ್ಣ ಬಲೆಯಲ್ಲಿ ಸೋಸಿದ್ದಾರೆಯೇ ಎಂದು ನೋಡುತ್ತೇನೆ. ಕೋಶಗಳು ಗಂಟುಕಟ್ಟಿದ್ದರೆ ಕೂದಲೆಳೆಗಿಂತ ಸ್ವಲ್ಪವೇ ಅಗಲವಾದ ಕಿಂಡಿ ಕಟ್ಟಿಕೊಂಡು ಅವತ್ತಿನ ಎಲ್ಲರ ಕೆಲಸವೂ ಕೆಟ್ಟಂತೆ. ಕೆಲಸ ಮುಗಿದ ಮೇಲೆ ಪ್ರತಿಯೊಬ್ಬರೂ ಬ್ಲೀಚ್ ದ್ರಾವಣ, ಆಮೇಲೆ ಶುದ್ಧ ನೀರು, ಒಂದೊಂದನ್ನೂ ಐದೈದು ನಿಮಿಷ ಓಡಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಹೆಸರು, ವಿಭಾಗ, ಬಂದ ಹೊತ್ತು, ಹೋದ ಹೊತ್ತು, ಕೊನೆಯ ಕಲಮಿನಲ್ಲಿ 'ತೊಳೆದಿದ್ದೇನೆ' ಎಂಬ ಸಹಿ.

ಆ ಕೊನೆಯ ಕಲಮಿನ ಹಿಂದೆ ಒಂದು ಕಥೆಯಿದೆ. ಕೆಲವು ವರ್ಷಗಳ ಹಿಂದೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿಯೊಬ್ಬಳು ಬಹಳ ಅಪರೂಪದ ಒಂದು ಬಗೆಯ ಕೋಶವನ್ನು ಹುಡುಕುತ್ತಿದ್ದಳು. ಎಂಟು ತಿಂಗಳಿಂದ ಸಿಕ್ಕಿರಲಿಲ್ಲ. ಒಂದು ಮಧ್ಯಾಹ್ನ ಪರದೆಯ ಮೂಲೆಯಲ್ಲಿ ಪುಟ್ಟ ಗುಂಪೊಂದು ಸ್ಪಷ್ಟವಾಗಿ ಮೂಡಿತು. "ಮೇಡಂ, ಬಂತು!" ಎಂದು ಅವಳು ಕೂಗಿದ್ದು ಕಾರಿಡಾರಿಗೆಲ್ಲ ಕೇಳಿಸಿತು. ಗೆಳತಿಯರು ಓಡಿ ಬಂದರು. ಯಾರೋ ಫೋಟೋ ತೆಗೆದರು. ಅವಳ ಗೈಡಿಗೆ ಫೋನ್ ಮಾಡಲು ಹೊರಟಿದ್ದಳು. ನಾನು, "ಸ್ವಲ್ಪ ತಾಳಮ್ಮಾ, ಒಂದು ಟ್ಯೂಬು ಬರೀ ನೀರು ಹಾಕಿ ನೋಡೋಣ" ಎಂದೆ. ಅವಳ ಮುಖ ಸಣ್ಣದಾಯಿತು. ಆದರೂ ಹಾಕಿದಳು. ನೀರಿನಲ್ಲಿಯೂ ಅದೇ ಮೂಲೆಯಲ್ಲಿ ಅದೇ ಗುಂಪು!

ರಿಜಿಸ್ಟರ್ ತೆಗೆದು ನೋಡಿದೆವು. ಅವಳಿಗಿಂತ ಮೊದಲಿನ ಸರದಿಯಲ್ಲಿದ್ದವರು ಕೊಳವೆಯ ಗೋಡೆಗೆ ಅಂಟಿಕೊಳ್ಳುವಂಥ ಬಣ್ಣವೊಂದನ್ನು ಬಳಸಿ, ಬಸ್ಸಿಗೆ ಹೊತ್ತಾಯಿತೆಂದು ತೊಳೆಯದೆ ಹೋಗಿದ್ದರು. ಹುಡುಗಿಯ ಆವಿಷ್ಕಾರವೆಲ್ಲ ಅವರು ಬಿಟ್ಟುಹೋದ ಎಂಜಲು. ಅವತ್ತು ಅವಳು ಅತ್ತಳು. ಅತ್ತದ್ದು ಸಿಕ್ಕದ್ದು ಸುಳ್ಳಾಯಿತೆಂದಲ್ಲ. "ನೀವು ನೀರು ಹಾಕಿಸದೆ ಇದ್ದಿದ್ರೆ ನಾನು ಅದನ್ನ ಬರೆದುಬಿಡ್ತಿದ್ದೆ ಮೇಡಂ" ಎಂದಳು. ಅವಳು ಬರೆದದ್ದನ್ನು ನಂಬಿ ಇನ್ಯಾರೋ ಎರಡು ವರ್ಷ ವ್ಯಯಿಸುತ್ತಿದ್ದರು. ತೊಳೆಯದೆ ಹೋದವರಿಗೆ ಉಳಿದದ್ದು ಹತ್ತು ನಿಮಿಷ. ಮರುವಾರವೇ ರಿಜಿಸ್ಟರಿಗೆ ಹೊಸ ಕಲಮು ಸೇರಿತು. ಮೊದಲ ಟ್ಯೂಬು ಯಾವಾಗಲೂ ನೀರಿನದೇ ಆಗಿರಬೇಕೆಂಬ ನಿಯಮವೂ ಬಂತು.

ಯಂತ್ರ ಶುಚಿಯಾಗಿದ್ದರೆ ಸಾಲದು, ಮನಸ್ಸೂ ಶುಚಿಯಾಗಿರಬೇಕು. ಪರದೆಯ ಮೇಲೆ ಸಾವಿರಾರು ಚುಕ್ಕೆಗಳು ಮೋಡದಂತೆ ಹರಡಿರುತ್ತವೆ. ಇಂಥಿಂಥವನ್ನು ಎಣಿಸು ಎಂದು ಅವುಗಳ ಸುತ್ತ ನಾವೇ ಒಂದು ಬೇಲಿ ಎಳೆಯಬೇಕು. ಅದಕ್ಕೆ ಗೇಟ್ ಎನ್ನುತ್ತೇವೆ. ಬೇಲಿಯ ಒಳಗೆ ಎಷ್ಟು ಚುಕ್ಕೆಗಳಿವೆ ಎಂದು ಯಂತ್ರ ತಪ್ಪಿಲ್ಲದೆ ಹೇಳುತ್ತದೆ. ಬೇಲಿ ಎಲ್ಲಿರಬೇಕು ಎಂಬುದನ್ನು ಮಾತ್ರ ಮನುಷ್ಯನೇ ನಿರ್ಧರಿಸಬೇಕು. ಹೊಲದ ಬದುವಿನ ಜಗಳ ನೋಡಿದವರಿಗೆ ಇದರ ಕಷ್ಟ ತಿಳಿಯುತ್ತದೆ. ಎಂಟು ಅಂಗುಲ ಸರಿಸಿದರೆ ಇವನ ಜಮೀನು ಹೆಚ್ಚು, ಅವನದು ಕಡಿಮೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಬುದ್ಧಿವಂತ, ಕಷ್ಟಜೀವಿ. ಅವನ ಪ್ರಯೋಗದಲ್ಲಿ ಶೇಕಡಾ ಒಂಬತ್ತರಷ್ಟು ಕೋಶಗಳು ಹೊಳೆಯಬೇಕೆಂದು ಅವನ ಗುಂಪಿನವರ ನಿರೀಕ್ಷೆ. ಬರುತ್ತಿದ್ದದ್ದು ಎರಡು. ಶಿಷ್ಯವೇತನ ಮುಗಿಯಲು ನಾಲ್ಕು ತಿಂಗಳಿತ್ತು. "ಮೇಡಂ, ಗೇಟು ಒಂಚೂರು ಎಡಕ್ಕೆ ಎಳೆದ್ರೆ ಒಂಬತ್ತು ಬರುತ್ತೆ" ಎಂದ. ಅವನ ದನಿಯಲ್ಲಿ ಮೋಸವಿರಲಿಲ್ಲ, ದಣಿವಿತ್ತು. ನಾನು ಅವನ ಕೈ ಹಿಡಿಯಲಿಲ್ಲ. "ಎಳಿ. ಅದೇ ಗೇಟನ್ನು ಬಣ್ಣ ಹಾಕದ ಟ್ಯೂಬಿಗೂ ಹಾಕು" ಎಂದೆ. ಹಾಕಿದ. ಏನೂ ಹೊಳೆಯಬಾರದ ಆ ಟ್ಯೂಬಿನಲ್ಲೂ ಏಳು ಬಂತು. ಸತ್ತ ಕೋಶಗಳಿಗೆ ತಾವಾಗಿಯೇ ಒಂದಿಷ್ಟು ಹೊಳಪಿರುತ್ತದೆ. ಬೇಲಿ ಅವುಗಳನ್ನೇ ಒಳಗೆ ಸೇರಿಸಿಕೊಂಡಿತ್ತು. ಹುಡುಗ ಬಹಳ ಹೊತ್ತು ಪರದೆ ನೋಡುತ್ತ ಕುಳಿತ. ಕೊನೆಗೆ ಬೇಲಿಯನ್ನು ಮೊದಲಿನ ಜಾಗಕ್ಕೇ ಎಳೆದು ಎದ್ದುಹೋದ.

ಈ ಕಥೆಗೆ ಸಿನಿಮಾದಂಥ ಮುಕ್ತಾಯವಿಲ್ಲ. ಅವನ ಪ್ರಬಂಧ ಒಂದು ವರ್ಷ ತಡವಾಯಿತು. ಆ ವರ್ಷ ಅವನು ಟ್ಯೂಷನ್ ಹೇಳಿ ಬಾಡಿಗೆ ಕಟ್ಟಿದ. ಊರಿನಲ್ಲಿ ಅವನ ತಂದೆ, "ಇನ್ನೂ ಮುಗಿದಿಲ್ಲವಾ?" ಎಂದು ಪ್ರತಿ ಭಾನುವಾರ ಕೇಳುತ್ತಿದ್ದರಂತೆ. ಎರಡು ಎಂಬ ಉತ್ತರವೇ ಸರಿಯೆಂದು ಇನ್ನೂ ಮೂರು ವಿಧಾನಗಳಿಂದ ಗಟ್ಟಿ ಮಾಡಿಕೊಂಡು ಅವನು ಪ್ರಬಂಧ ಸಲ್ಲಿಸಿದ. ಸಂಶೋಧನೆಗೆ ಮಕ್ಕಳನ್ನು ಕಳುಹಿಸಿದ ತಂದೆತಾಯಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ತಡವಾದಾಗ ಮಕ್ಕಳು ಸೋಮಾರಿಗಳೆಂದು ತಿಳಿಯಬೇಡಿ. ಒಮ್ಮೊಮ್ಮೆ ತಡವಾಗುವುದು ಬೇಲಿಯನ್ನು ಸರಿಸದೆ ಇದ್ದುದಕ್ಕಾಗಿ.

ಸರದಿಯ ವಿಷಯದಲ್ಲಿ ಜಗಳಗಳೂ ಉಂಟು. ದೊಡ್ಡ ಗುಂಪಿನವರು ವಾರಗಟ್ಟಲೆ ಮುಂಗಡ ಹೆಸರು ಬರೆಸಿಟ್ಟು ಬಾರದೆ ಉಳಿಯುವುದು, ಹನ್ನೊಂದಕ್ಕೆ ಮುಗಿಸಬೇಕಾದವರು ಹನ್ನೆರಡಾದರೂ ಏಳದಿರುವುದು, ಎಲ್ಲವನ್ನೂ ನೋಡಿದ್ದೇನೆ. ಅದರ ಜೊತೆಗೆ ನೋಡಿದ ಇನ್ನೊಂದನ್ನು ಹೇಳಲೇಬೇಕು. ಮಲೆನಾಡಿನ ಒಂದು ಸರ್ಕಾರಿ ಕಾಲೇಜಿನ ಎಂ.ಎಸ್ಸಿ. ಹುಡುಗಿ ತನ್ನ ಊರ ಸುತ್ತಲಿನ ಬಾಳೆ ತಳಿಗಳ ಅಧ್ಯಯನಕ್ಕೆ ಬಂದಳು. ಕಾಡುಬಾಳೆಯಲ್ಲಿ ಸಾಮಾನ್ಯವಾಗಿ ವರ್ಣತಂತುಗಳ ಎರಡು ಜೊತೆ. ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚಿನವುಗಳಲ್ಲಿ ಮೂರು ಜೊತೆ. ನಮ್ಮ ನಂಜನಗೂಡು ರಸಬಾಳೆಯೂ ಅಂಥದೇ. ಅವು ಬೀಜ ಕಟ್ಟದಿರುವುದಕ್ಕೆ ಇದೂ ಒಂದು ಕಾರಣ. ಎಷ್ಟು ಜೊತೆ ಇವೆಯೆಂದು ತಿಳಿಯಲು ಎಳೆಯ ಎಲೆಯನ್ನು ದ್ರಾವಣದಲ್ಲಿಟ್ಟು ಹೊಸ ಬ್ಲೇಡಿನಿಂದ ಸಣ್ಣಗೆ ಕೊಚ್ಚಿ, ಕೋಶಕೇಂದ್ರಗಳನ್ನು ಹೊರತೆಗೆದು, ಬಣ್ಣ ಹಾಕಿ, ಫ್ಲೋ ಸೈಟೋಮೀಟರಿನಲ್ಲಿ ಹಾಯಿಸುತ್ತಾರೆ. ಡೇವಿಡ್ ಗಾಲ್‌ಬ್ರೇತ್ ಮತ್ತು ಸಂಗಡಿಗರು 1983ರಲ್ಲಿ ತೋರಿಸಿಕೊಟ್ಟ ಸರಳ ವಿಧಾನ ಇದು. ಎಲೆ ತಾಜಾ ಇರಬೇಕು ಎಂಬುದೊಂದೇ ಷರತ್ತು.

ಹುಡುಗಿ ಹದಿನೈದು ಬಾಳೆಯ ಸುಳಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿ ಬಸ್ಸು ಹತ್ತಿದ್ದಳು. ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಒಂಬತ್ತೂವರೆಯ ಸರದಿಗೆ ಅವಳು ತಲುಪಿದ್ದು ಹನ್ನೆರಡೂವರೆಗೆ. ಆ ದಿನ ಸಂಜೆಯವರೆಗೂ ಬೇರೆಯವರ ಹೆಸರುಗಳಿದ್ದವು. ಹುಡುಗಿ ಚೀಲ ತಬ್ಬಿಕೊಂಡು ಬಾಗಿಲಲ್ಲಿ ನಿಂತೇ ಇದ್ದಳು. ಯಂತ್ರದ ಮುಂದೆ ಕುಳಿತಿದ್ದ ಹಿರಿಯ ಸಂಶೋಧಕನೊಬ್ಬ ತಿರುಗಿ ನೋಡಿ, "ನನ್ನ ಕೋಶಗಳಿಗೆ ರಾಸಾಯನಿಕ ಹಾಕಿ ಗಟ್ಟಿ ಮಾಡಿಟ್ಟಿದ್ದೇನೆ. ನಾಳೆಯವರೆಗೂ ಏನೂ ಆಗೋದಿಲ್ಲ. ನಿನ್ನ ಎಲೆ ಕಾಯೋದಿಲ್ಲ. ಬಾ ಕೂತ್ಕೋ" ಎಂದು ಎದ್ದ. ಅವಳ ಹೆಸರನ್ನೂ ಅವನು ಕೇಳಲಿಲ್ಲ.

ಸಂಜೆ ಐದರವರೆಗೆ ಅವಳು ಕೊಚ್ಚಿದಳು, ಸೋಸಿದಳು, ಹಾಯಿಸಿದಳು. ಮುಗಿದ ಮೇಲೆ ಐದೈದು ನಿಮಿಷದ ಬದಲು ಹತ್ತು ಹತ್ತು ನಿಮಿಷ ತೊಳೆಯುತ್ತಿದ್ದಳು. ಬಸ್ಸಿಗೆ ಹೊತ್ತಾಗುವುದಿಲ್ಲವೇನಮ್ಮಾ ಎಂದೆ. "ಇಲ್ಲ ಮೇಡಂ, ನಾನು ಹಾಕಿದ ಬಣ್ಣ ಕೊಳವೆಗೆ ಅಂಟ್ಕೊಳ್ಳುತ್ತೆ ಅಂತ ಓದಿದೀನಿ. ನನ್ನ ನಂತರ ಯಾರೋ ಅಪರೂಪದ ಕೋಶ ನೋಡೋರಿದಾರೆ, ರಿಜಿಸ್ಟರಿನಲ್ಲಿದೆ" ಎಂದಳು. ಕೊನೆಗೆ ನೀರಿನ ಟ್ಯೂಬು ಹಾಕಿ, ಪರದೆ ಖಾಲಿಯಾಗಿರುವುದನ್ನು ನನಗೆ ತೋರಿಸಿ, ಸಹಿ ಹಾಕಿದಳು.

ಈ ಕ್ಷೇತ್ರಕ್ಕೆ ಬರುವುದು ಹೇಗೆಂದು ಪತ್ರ ಬರೆದು ಕೇಳುವ ವಿದ್ಯಾರ್ಥಿಗಳಿದ್ದಾರೆ. ಜೀವವಿಜ್ಞಾನ, ಜೀವರಸಾಯನ ಅಥವಾ ಜೈವಿಕ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವರು, ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ ಓದಿದವರು, ಉಪಕರಣಗಳ ಬಗ್ಗೆ ಒಲವಿರುವ ಎಂಜಿನಿಯರುಗಳು, ಎಲ್ಲರಿಗೂ ಇಲ್ಲಿ ಜಾಗವಿದೆ. ಭೌತವಿಜ್ಞಾನದ ಬೆಳಕಿನ ಪಾಠ, ದ್ರವಗಳ ಹರಿವಿನ ಪಾಠ, ಪಿಯುಸಿಯಲ್ಲಿ ಬೇಸರದಿಂದ ಓದಿದ ಸಂಖ್ಯಾಶಾಸ್ತ್ರ, ಒಂದೂ ವ್ಯರ್ಥವಾಗುವುದಿಲ್ಲ. ಆಸ್ಪತ್ರೆಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ, ಔಷಧ ಕಂಪನಿಗಳಲ್ಲಿ, ಯಂತ್ರ ತಯಾರಕರಲ್ಲಿ ಕೆಲಸಗಳಿವೆ. ದೊಡ್ಡ ಹೆಸರಿನ ಆಸೆಯಿರುವವರಿಗೆ ಮಾತ್ರ ಇದು ತಕ್ಕ ಜಾಗವಲ್ಲ. ಪ್ರಕಟವಾಗುವ ಲೇಖನದ ಕೊನೆಯ 'ಕೃತಜ್ಞತೆಗಳು' ಎಂಬ ಸಾಲಿನಲ್ಲಿ ನಮ್ಮ ಕೋಣೆಯ ಹೆಸರು ಬಂದರೆ ನಮಗದೇ ಹಬ್ಬ.

ಸಣ್ಣ ಊರಿನ ಕಾಲೇಜಿನಲ್ಲಿ ಓದುವವರು ಇಂಥ ಯಂತ್ರಗಳು ನಮಗೆ ಎಟುಕುವುದಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ಹುಡುಕಿ ಸರದಿ ಕೇಳಲು ಕೇಂದ್ರ ಸರ್ಕಾರದ ಐ-ಸ್ಟೆಮ್ ಎಂಬ ಜಾಲತಾಣ 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಸಮ್ಮೇಳನದಲ್ಲಿ ಉದ್ಘಾಟನೆಯಾಯಿತು. ನಿಮ್ಮ ಅಧ್ಯಾಪಕರ ಮೂಲಕ ಕೇಳಿ ನೋಡಿ. ಕೇಳಲು ಸಂಕೋಚಪಡುವವರೇ ಹೆಚ್ಚು, ಕೊಡಲು ಒಪ್ಪದವರು ಕಡಿಮೆ ಎಂಬುದು ನನ್ನ ಅನುಭವ.

ಬಾಳೆಯ ಹುಡುಗಿ ಹೋದ ಮೇಲೆ ರಾತ್ರಿಯ ಸರದಿಗೆ ಬಂದವರು ಬೇರೊಂದು ವಿಭಾಗದವರು. ಮೊದಲ ಟ್ಯೂಬು ನೀರು ಹಾಕಿದರು. ಪರದೆ ಅಮಾವಾಸ್ಯೆಯ ಆಕಾಶದಂತೆ ಖಾಲಿಯಿತ್ತು. ಅವರು ತಲೆಯೆತ್ತಿಯೂ ನೋಡದೆ ತಮ್ಮ ಕೆಲಸ ಶುರು ಮಾಡಿದರು. ಅವರಿಗಿಂತ ಮುಂಚೆ ಅಲ್ಲಿ ಯಾರು ಕುಳಿತಿದ್ದರು, ಎಷ್ಟು ದೂರದಿಂದ ಬಂದಿದ್ದರು ಎಂಬುದು ಅವರಿಗೆ ಗೊತ್ತಾಗುವ ಅಗತ್ಯವೇ ಬೀಳಲಿಲ್ಲ. ಗೊತ್ತಾಗದ ಹಾಗೆ ತೊಳೆದಿಟ್ಟು ಹೋಗುವುದನ್ನು ಮಕ್ಕಳಿಗೆ ಕಲಿಸುವುದೇ ನನ್ನ ಕೆಲಸದ ಮುಕ್ಕಾಲು ಪಾಲು.